ಮೊದಲು ಇಳಿಯುವವನು

ಅಂಬರಾಯ ಪ್ಯಾಂಟಿನ ಬಲಗಾಲನ್ನು ಮಾತ್ರ ಮೊಣಕಾಲವರೆಗೆ ಮಡಚುತ್ತಿದ್ದ. ಮದುವೆಗೆ ಹೋದರೂ ಅಷ್ಟೇ, ಬ್ಯಾಂಕಿಗೆ ಹೋದರೂ ಅಷ್ಟೇ. ಶಹಾಬಾದಿನ ಮನೆಯಲ್ಲಿ ಅವನು ಕಳೆದ ಕೊನೆಯ ದಿನ, ಅದೊಂದು ಗುರುವಾರ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆಯಿಂದ ಮೈತುಂಬ ಧೂಳು ಹೊತ್ತು ಬಂದು, ಪುಂಡಿಪಲ್ಯ ಹಚ್ಚಿಕೊಂಡು ಮೂರು ರೊಟ್ಟಿ ತಿಂದು, ಪ್ರವಾಸಕ್ಕೆಂದು ಹೆಂಡತಿ ಜಯಮಾಲಾ ಹೊಲಿಸಿ ತಂದ ಹೊಸ ಪ್ಯಾಂಟು ತೊಟ್ಟು ನೋಡಿ, ಅದರ ಬಲಗಾಲನ್ನೂ ಮಡಚಿದ.

"ಇದನ್ನರ ಇಳಿಬಿಡ್ರಿ. ಮಂದಿ ನಗ್ತಾರ."

"ನಗಲಿ ಬಿಡು. ನೀರಿನ ಮಂದಿ ನಾವು."

ಅದಕ್ಕಿಂತ ದೊಡ್ಡ ಮಾತು ಆ ದಿನ ಆ ಮನೆಯಲ್ಲಿ ನಡೆಯಲಿಲ್ಲ.

ನೀರಿನ ಮಂದಿ ಎಂಬುದು ಸುಳ್ಳಲ್ಲ. ಸೇತುವೆ ಆಗುವ ಮೊದಲು ಕಾಗಿಣಾ ಹೊಳೆಯಲ್ಲಿ ಅವನ ಅಪ್ಪ ಹರಿಗೋಲು ಹಾಕುತ್ತಿದ್ದ. ಅಂಬರಾಯನೂ ಹತ್ತು ವರ್ಷ ಹಾಕಿದ. ಆ ಕಸುಬಿಗೊಂದು ಕಟ್ಟಳೆಯಿತ್ತು. ದಂಡೆ ಹತ್ತಿರವಾಗುತ್ತಲೇ ಮೊದಲು ಅಂಬಿಗ ಬಲಗಾಲಿಟ್ಟು ನೀರಿಗೆ ಇಳಿಯಬೇಕು, ಹರಿಗೋಲನ್ನು ಎಳೆದು ಹಿಡಿಯಬೇಕು, ಕುಂತವರ ಕಾಲು ಒದ್ದೆಯಾಗಬಾರದು. ಸೇತುವೆ ಬಂತು, ಹರಿಗೋಲು ಹೋಯಿತು, ಕಟ್ಟಳೆ ಅವನ ಮೈಯಲ್ಲಿ ಉಳಿಯಿತು. ಕಾಲಡಿಯ ನೆಲ ತೂಗುತ್ತಿದೆ ಎಂಬಂತೆ ಕಾಲು ಅಗಲಿಸಿ ನಡೆಯುತ್ತಿದ್ದ. ವಾಡಿ ಸ್ಟೇಷನ್ನಿನಲ್ಲಿ ರೈಲು ಪೂರ್ತಿ ನಿಲ್ಲುವ ಮೊದಲೇ ಹಾರಿ, ಗುರುತು ಪರಿಚಯವಿಲ್ಲದ ಹೆಂಗಸರ ಗಂಟು, ಕೂಸು, ಕೋಳಿಬುಟ್ಟಿಗಳನ್ನೆಲ್ಲ ಇಳಿಸಿಕೊಡುತ್ತಿದ್ದ. ಜಯಮಾಲಾ ಎಲ್ಲರ ಹಿಂದೆ ತನ್ನ ಚೀಲ ತಾನೇ ಹೊತ್ತು ಇಳಿಯುತ್ತಿದ್ದಳು. ಇಪ್ಪತ್ತೆಂಟು ವರ್ಷ ಹಾಗೇ ಇಳಿದಳು. ಜಗತ್ತೆಲ್ಲ ಅವನಿಗೆ ಪ್ರಯಾಣಿಕರು. ಹೆಂಡತಿ ಮಾತ್ರ ಹರಿಗೋಲಿನ ಬಿದಿರು.

ಗೋಕರ್ಣಕ್ಕೆ ಹೋಗುವ ವಿಚಾರ ತೆಗೆದವನು ಅದೇ ಕಾರ್ಖಾನೆಯ ಅಮೀರ್ ಅಲಿ. ಅವನು, ಅವನ ಹೆಂಡತಿ ಅಮೀರ್ಬೀ, ಇವರಿಬ್ಬರು. ಎರಡೇ ದಿನ. ನಾಲ್ವರಲ್ಲಿ ಯಾರೂ ಕಡಲು ನೋಡಿದವರಲ್ಲ. ಶನಿವಾರ ಬೆಳಿಗ್ಗೆ ಒಂದು ಯಂತ್ರದ ದೋಣಿ ಬಾಡಿಗೆಗೆ ಹಿಡಿದರು. ಗುಡ್ಡ ಕಡಲಿಗೆ ಇಳಿದ ಕಡೆ, ಬಂಡೆಗಳ ಮರೆಯಲ್ಲಿ, ನಡೆದು ಹೋಗಲಾಗದ ಸಣ್ಣ ಸಣ್ಣ ಮರಳದಂಡೆಗಳಿವೆ. ಅವನ್ನು ಒಂದೊಂದಾಗಿ ತೋರಿಸಿಕೊಂಡು ಬರುವ ದೋಣಿ. ದೋಣಿಯವನು ತಲೆ ನರೆತ ಮೀನುಗಾರ. ಎಲ್ಲರಿಗೂ ಕೇಸರಿ ಜಾಕೆಟ್ ತೊಡಿಸಿ, "ನಾ ಹೇಳೂವರಿಗೂ ಯಾರೂ ಇಳೀಬೇಡಿ," ಅಂದ.

ಮೊದಲ ದಂಡೆಯಲ್ಲಿ ದೋಣಿ ಮರಳು ಮುಟ್ಟುವ ಮೊದಲೇ ಅಂಬರಾಯ ಹಗ್ಗ ಹಿಡಿದು ನೀರಿಗೆ ಹಾರಿದ್ದ.

"ಅಣ್ಣಾ, ಬಾಡಗಿ ಕೊಟ್ಟವ್ರೂ ನೀವೇ, ಕೂಲಿ ಮಾಡ್ಲಿಕತ್ತವ್ರೂ ನೀವೇ ಏನ್ರಿ?" ಅಮೀರ್ಬೀ ನಕ್ಕಳು.

ದೋಣಿಯವನು ನಗಲಿಲ್ಲ. "ಇದು ನಿಮ್ಮ ಹೊಳೆ ಅಲ್ಲ ಮಾರಾಯ್ರೆ. ಸುಮ್ನೆ ಕೂತ್ಕಣಿ."

"ನೀರಿನ ಮಾತು ನನಗ ಹೇಳಬ್ಯಾಡ್ರಿ."

"ಕುಂದರ್ರಿ ಅಂದ್ರ ಕುಂದರ್ರಿ," ಅಂದಳು ಜಯಮಾಲಾ. "ನಿಮಗ ಯಾರರ ಕರದಾರೇನು?"

ಎರಡನೆಯ ದಂಡೆಯಲ್ಲಿಯೂ ಹಾರಿದ. ಮೂರನೆಯದು ಎರಡು ಬಂಡೆಗಳ ನಡುವಿನ ಇಕ್ಕಟ್ಟು. ದೋಣಿಯವನು ಕೂಗಿದ, ಜಯಮಾಲಾಳೂ ಕೂಗಿದಳು. ಅಂಬರಾಯ ನಡುಮಟ್ಟದ ನೀರಿನಲ್ಲಿ ನಿಂತು, ಬಂಡೆಗೆ ಬೆನ್ನು ಕೊಟ್ಟು ಹಗ್ಗ ಎಳೆದ. ಹೊಳೆಯಲ್ಲಿ ಮನುಷ್ಯ ಎಳೆದರೆ ದೋಣಿ ಬರುತ್ತದೆ. ಕಡಲಲ್ಲಿ ಅದು ತಾನಾಗಿ ಬರುತ್ತದೆ. ದೋಣಿಯ ಹಿಂದಿನಿಂದ ಎದ್ದ ತೆರೆ, ದೋಣಿಯವನೂ ಸೇರಿ ಒಳಗಿದ್ದ ನಾಲ್ವರ ಸಮೇತ ಅದನ್ನೆತ್ತಿ ಅವನ ಎದೆಗೆ ಒಗೆಯಿತು. ಜಾಕೆಟ್ ಅವನನ್ನು ಮುಳುಗಗೊಡಲಿಲ್ಲ. ಅದರ ಕೈಲಿ ಆದದ್ದು ಅಷ್ಟೇ. ಗೋಕರ್ಣ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಮರುದಿನ ಅವನ ತಮ್ಮ ಚೌಡೇಶ ಬಂದ. ಪೊಲೀಸ್ ಠಾಣೆಯ ಕಟ್ಟೆಯ ಮೇಲೆ ಅತ್ತಿಗೆಯ ಪಕ್ಕ ಕೂತು ದನಿ ತಗ್ಗಿಸಿದ.

"ವೈನಿ, ದೋಣಿಯವನೇ ಇಳೀರಿ ಅಂದಾ ಅಂತ ಬರಸ್ರಿ."

"ಅಂದಿಲ್ಲ."

"ಅಂಬಿಗರ ಮನುಷ್ಯಾ ತಾನೇ ತಪ್ಪು ಮಾಡಿ ನೀರಾಗ ಸತ್ತಾ ಅಂದ್ರ ನಮ್ಮ ಮಂದ್ಯಾಗ ಮುಖ ಹೆಂಗ ತೋರಸ್ಲಿ?"

"ಅವಗೂ ಹೆಂಡ್ತಿ ಇರ್ತಾಳ, ಚೌಡೇಶ. ನಿನ್ನ ಮುಖ ಉಳಸ್ಲಿಕ್ಕ ಅವನ್ನ ಜೇಲಿಗಿ ಕಳಸ್ಲೇನು?"

"ಸತ್ತ ಗಂಡನ ಮ್ಯಾಲ ತಪ್ಪು ಹಾಕ್ತಿ? ನೀ ಎಂಥಾ ಹೆಣ್ಣು?"

"ಕುಂದರ್ರಿ ಅಂದ ಹೆಣ್ಣು. ಮೂರ ಸಲ ಅಂದೀನಿ."

ಸುಳ್ಳು ಹೇಳುವ ಆಸೆ ಅವಳಿಗೂ ಇರಲಿಲ್ಲವೆಂದಲ್ಲ. ಆ ಮುದುಕನ ಮೇಲೆ ಹಾಕಿದ್ದರೆ ಒಳಗಿನ ಬೆಂಕಿಯನ್ನು ಸುರಿಯಲು ಒಂದು ಜಾಗ ಸಿಗುತ್ತಿತ್ತು. ಸತ್ತವನನ್ನು ಬೈಯಲು ಜಾಗವೆಲ್ಲಿ? ಅವನಂತೂ ಇಲ್ಲಿಯೂ ಮೊದಲೇ ಇಳಿದು ಹೋಗಿದ್ದ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಪೊಲೀಸರು ಬರೆದದ್ದನ್ನು ಅಮೀರ್ ಅಲಿಯಿಂದ ಎರಡು ಸಲ ಓದಿಸಿ ಕೇಳಿದಳು. "ಇಳಿಯಬೇಡಿ ಎಂದು ದೋಣಿಯವನು ಹೇಳಿದ್ದ" ಎಂಬ ಸಾಲು ಇದೆಯೆಂದು ಖಾತ್ರಿಯಾದ ಮೇಲೆ, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.

ಊರಲ್ಲಿ ಮಣ್ಣಿಗೆ ಬಂದವರು, "ನೀರಿನ ಮನುಷ್ಯಾ ನೀರಾಗೇ ಹ್ವಾದಾ, ಭಾಳ ಪುಣ್ಯವಂತ," ಅಂದರು.

"ಪುಣ್ಯ ಅಲ್ರಿ. ಹಟ," ಅಂದಳು ಜಯಮಾಲಾ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಚೌಡೇಶ ಅವಳೊಂದಿಗೆ ಮಾತನ್ನೇ ಬಿಟ್ಟ.

ಇಂಥ ಗಂಡಸರು ಎಲ್ಲ ಊರಲ್ಲೂ ಇದ್ದಾರೆ. ಆಯುಷ್ಯವಿಡೀ ಪರರನ್ನು ದಡ ಮುಟ್ಟಿಸಿದವರಿಗೆ ತಾವು ಸುಮ್ಮನೆ ಕೂತು ದಡ ಸೇರುವುದು ಅವಮಾನ. ಜಗತ್ತು ಅವರನ್ನು ಪರೋಪಕಾರಿಗಳೆನ್ನುತ್ತದೆ. ಆ ಉಪಕಾರದೊಳಗೆ ಹಿಡಿಯಷ್ಟು ಅಹಂಕಾರವಿರುವುದು ಮನೆಯ ಹೆಂಗಸರಿಗೆ ಮಾತ್ರ ಗೊತ್ತು. ಅವರು ಕೂಗಿ ಹೇಳಿದರೂ ಕೇಳಿಸುವುದಿಲ್ಲ.

ಬೆಳಿಗ್ಗೆ ಐದಕ್ಕೆದ್ದು ಜಯಮಾಲಾ ಅಂಗಳ ಗುಡಿಸುತ್ತಾಳೆ. ಅಣ್ಣತಮ್ಮಂದಿರ ಬಾಗಿಲು ಎರಡಾದರೂ ಅಂಗಳ ಒಂದೇ. ಮೊದಲಿನಿಂದಲೂ ಅದು ಅವಳದೇ ಕೆಲಸ. ಚೌಡೇಶನ ಹೊಸ್ತಿಲವರೆಗೂ ಗುಡಿಸುತ್ತಾಳೆ. ಅವನು ಹೊರಗೆ ಬಂದು ನಿಂತರೆ ಕಸಬರಿಗೆ ನಿಲ್ಲುವುದಿಲ್ಲ. ಅವನೇ ಕಾಲೆತ್ತಿ ಸರಿಯಬೇಕು.