ಬೆಹಾಲಾದ ಸರದಿ

ಆ ಡಿಸೆಂಬರಿನಲ್ಲಿ ಬೆಹಾಲಾ ಬಜಾರಿನಿಂದ ಒಂದು ಹೂಕೋಸು ತರುವುದಕ್ಕೆ ಕಲ್ಲಪ್ಪನಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಹೂಕೋಸಿಗೇನೂ ಬರವಿರಲಿಲ್ಲ, ಗಾಡಿಗಟ್ಟಲೆ ಬಂದು ಬಿದ್ದಿತ್ತು. ಆದರೆ ಕಲ್ಲಪ್ಪ ವಿದ್ಯುತ್ ನಿಯಂತ್ರಣ ಕೇಂದ್ರದಲ್ಲಿ ಎಂಜಿನಿಯರ್ ಎನ್ನುವುದು ಇಡೀ ಪಾಡಾಕ್ಕೆ, ಕೇರಿಗೆ ಕೇರಿಗೇ, ಗೊತ್ತಿತ್ತು, ಅದೊಂದೇ ಅವನ ಅಪರಾಧ. ತಕ್ಕಡಿ ಹಿಡಿದವನು ಕೇಳುತ್ತಿದ್ದ, ತೂಗಿಸಿಕೊಳ್ಳುವವರು ಕೇಳುತ್ತಿದ್ದರು, ಪಕ್ಕದ ಸಾಲಿನಲ್ಲಿ ಮೀನು ಕತ್ತರಿಸುತ್ತಿದ್ದವನೂ ಕೆಲಸ ನಿಲ್ಲಿಸಿ ಕೇಳುತ್ತಿದ್ದ: “ದಾದಾ, ಈ ಸಲ ಚಳಿಗಾಲದಲ್ಲೂ ಲೋಡ್‌ಶೆಡ್ಡಿಂಗಾ?”

ಟೀವಿಯಲ್ಲಿ ಒಬ್ಬರು ಕರೆಂಟ್ ಹೋಗುವುದೇ ಇಲ್ಲ ಎನ್ನುತ್ತಿದ್ದರು, ಇನ್ನೊಬ್ಬರು ಊರೆಲ್ಲ ಕತ್ತಲಾಗುತ್ತದೆ ಎನ್ನುತ್ತಿದ್ದರು. ಜನ ಇಬ್ಬರನ್ನೂ ನಂಬದೆ ಇನ್ವರ್ಟರ್ ಅಂಗಡಿಯ ಮುಂದೆ ಸಾಲುಗಟ್ಟಿದರು. ಹಿಂದಿನ ಕಾಲದ ಲೋಡ್‌ಶೆಡ್ಡಿಂಗ್ ಕಂಡಿದ್ದ ಮುದುಕರಿಗೆ ಮಾತ್ರ ಒಳಗೊಳಗೇ ಹುರುಪು. ಕಂದೀಲಿನ ಬೆಳಕಿನಲ್ಲಿ ತಾವು ಓದಿ ಪಾಸಾದ ಪರೀಕ್ಷೆಗಳನ್ನೆಲ್ಲ ಚಹಾದಂಗಡಿಯಲ್ಲಿ ಮತ್ತೊಮ್ಮೆ ಪಾಸು ಮಾಡುತ್ತಿದ್ದರು.

ಕಲ್ಲಪ್ಪ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ. “ನೋಡೋಣ, ಸದ್ಯಕ್ಕೇನೂ ತೊಂದರೆಯಿಲ್ಲ.” ಹೇಳಿ ಹೇಳಿ ಅವನ ಬಾಯಿಗೇ ಅದು ಸಪ್ಪೆಯಾಗಿತ್ತು. ತೊಂದರೆ ಇತ್ತು. ಬಂಗಾಳದಲ್ಲಿ ಚಳಿ ಬಿದ್ದರೆ ಫ್ಯಾನು ಏಸಿ ನಿಲ್ಲುತ್ತವೆ, ಬೇಡಿಕೆ ಇಳಿಯುತ್ತದೆ, ಆಗ ಸ್ಥಾವರಗಳ ಬಾಯ್ಲರು ಬಿಚ್ಚಿ ರಿಪೇರಿ ಮಾಡುವುದು ಮೊದಲಿಂದ ಬಂದ ಪದ್ಧತಿ. ಹಿಂದಿನ ಎರಡು ವರ್ಷ ಮುಂದಕ್ಕೆ ತಳ್ಳಿದ ರಿಪೇರಿಗಳೆಲ್ಲ ಈ ಸಲ ಒಟ್ಟಿಗೇ ಬಂದು ಕೂತಿದ್ದವು. ಬೇಸಿಗೆಯಲ್ಲಿ ಉರಿಸಿದ ಕಲ್ಲಿದ್ದಲಿನ ಜಾಗಕ್ಕೆ ಹೊಸದು ಬಂದಿರಲಿಲ್ಲ. ಈ ನಡುವೆ ಗ್ಯಾಸ್ ಬಿಡಿ, ಕರೆಂಟಿನ ಒಲೆ ಕೊಳ್ಳಿ ಎಂದು ಜನರಿಗೆ ಬುದ್ಧಿ ಹೇಳಿದವರೂ ಮೇಲಿನವರೇ. ಸೆಪ್ಟೆಂಬರಿನ ಸಭೆಯಲ್ಲಿ ಇದೆಲ್ಲ ಲೆಕ್ಕಕ್ಕೆ ಬಂದಿತ್ತು. ಹೊರಗೆ ಮಾತಾಡಬೇಡಿ, ಸುಮ್ಮನೆ ಗಾಬರಿ ಹಬ್ಬುತ್ತದೆ ಎಂದು ದೊಡ್ಡವರು ಹೇಳಿದರು. ಕಲ್ಲಪ್ಪ ತಲೆಯಾಡಿಸಿ ಬಂದಿದ್ದ. ಮನೆಯಲ್ಲಿ ಹೆಂಡತಿಗೆ ಮಾತ್ರ ಹೇಳಿದ್ದ, ಯಾರಿಗೂ ಹೇಳಕೂಡದು ಎಂದು ಅವಳಿಗೂ ತಾಕೀತು ಮಾಡಿದ್ದ.

ವಿಶಾಲಾಕ್ಷಿಗೆ ಚಳಿಗಾಲವೆಂದರೆ ಎದೆಯ ಸಂಕಟ. ಧಾರವಾಡದ ಗಾಳಿ ಕುಡಿದು ಬೆಳೆದವಳು ಗಂಡನಿಗೆ ವರ್ಗವಾಗಿ ಈ ಊರಿಗೆ ಬಂದ ಎರಡನೇ ವರ್ಷಕ್ಕೇ ದಮ್ಮು ಹಚ್ಚಿಕೊಂಡಳು. ಮಂಜು ಇಳಿದು, ಬಸ್ಸು ಲಾರಿಗಳ ಹೊಗೆ ಅದರ ಕೆಳಗೆ ಸಿಕ್ಕಿಕೊಂಡರೆ ಸಾಕು, ಅವಳ ಎದೆಯೊಳಗೆ ಸಿಳ್ಳೆ ಶುರುವಾಗುತ್ತಿತ್ತು. ಹೋದ ಜನವರಿಯಲ್ಲಿ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದಳು. ಹೊಗೆಯಿಂದ ದೂರವಿಡಿ, ಇನ್ನೊಂದು ಸಲ ಹೀಗಾದರೆ ನಾನು ಭರವಸೆ ಕೊಡಲಾರೆ ಎಂದು ಡಾಕ್ಟರು ಕಲ್ಲಪ್ಪನ ಮುಖ ನೋಡಿಯೇ ಹೇಳಿದ್ದರು. ಆ ಮಾತು ಅವನಿಗೆ ದಿನವೂ ನೆನಪಾಗುತ್ತಿತ್ತು. ಅದಕ್ಕೇ ಮುಂದಿನದನ್ನು ಅವನು ಹೇಗೆ ಮಾಡಿದ ಎನ್ನುವುದು ಯಾರಿಗೂ ಅರ್ಥವಾಗುವಂಥದ್ದಲ್ಲ.

ಒಂದು ಭಾನುವಾರ ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಸಭೆ ಸೇರಿತು. ಕರೆದವರು ಮಿಹಿರ್ ಘೋಷಾಲ್, ನಾಲ್ಕನೇ ಮಹಡಿಯವರು, ಸೊಸೈಟಿಯ ಕಾರ್ಯದರ್ಶಿ. ಖಿದಿರ್‌ಪುರದ ಬಂದರಿನಲ್ಲಿ ನಿವೃತ್ತಿಯ ತನಕ ಹಡಗಿನ ಸರಕು ಇಳಿಸಿದ ಮನುಷ್ಯ, ಅವರ ಗಂಟಲಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವೇ ಇರಲಿಲ್ಲ. ಅವರ ತಾಯಿ, ಎಲ್ಲರೂ ಮಾಶಿಮಾ ಎಂದು ಕರೆಯುವ ಮುದುಕಿ, ಹಗಲಿರುಳು ಆಮ್ಲಜನಕದ ಯಂತ್ರಕ್ಕೆ ಮೂಗು ಕೊಟ್ಟು ಮಲಗಿರುತ್ತಿದ್ದರು. ಆ ಯಂತ್ರ ನಡೆಯುವುದು ಕರೆಂಟಿನಿಂದ.

“ದಾದಾ, ನೀವು ನಮ್ಮ ಮನುಷ್ಯ. ಒಂದೇ ಮಾತು ಹೇಳಿ, ಹೋಗುತ್ತದೋ ಇಲ್ಲವೋ?” ಎಂದರು ಮಿಹಿರ್ ಬಾಬು.

ಕಲ್ಲಪ್ಪ ಬಾಯಿ ತೆರೆಯುವ ಮೊದಲೇ ಉಳಿದವರು ಶುರುವಿಟ್ಟರು. ತಿಂಗಳ ಬಿಲ್ಲು ಏರಿಸುವಾಗ ನಿಮಗೆ ಕಲ್ಲಿದ್ದಲು ನೆನಪಾಗಲಿಲ್ಲವೇ ಎಂದರೊಬ್ಬರು. ನನ್ನ ಮಗಳ ಮದುವೆ ಮಾಘದಲ್ಲಿದೆ, ದೀಪಾಲಂಕಾರದವನು ಮುಂಗಡ ವಾಪಸು ಕೊಡುತ್ತಾನೆಯೇ ಎಂದರು ಇನ್ನೊಬ್ಬರು. ಬಾಯ್ಲರು ಬಿಚ್ಚಿದವನೂ ಇವನೇ, ಕಲ್ಲಿದ್ದಲು ತರಿಸದವನೂ ಇವನೇ ಎನ್ನುವ ಹಾಗೆ ಅವನನ್ನು ತರಾಟೆಗೆ ತೆಗೆದುಕೊಂಡರು. ಕಲ್ಲಪ್ಪನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ದಣಿವು ಬಂತು. ಮಗಳು ಶ್ರಾವ್ಯಾ ಹಿಂದೆ ನಿಂತು ಪಿಸುಗುಟ್ಟಿದಳು: “ಅಪ್ಪಾ, ಗ್ರೂಪ್‌ದಾಗನೂ ಎವ್ರಿಬಡಿ ಈಸ್ ಬ್ಲೇಮಿಂಗ್ ಯೂ. ಕುಛ್ ತೋ ಬೋಲೋ.”

“ಹೋಗಬಹುದು,” ಎಂದ ಕಲ್ಲಪ್ಪ.

ಅಷ್ಟು ಸಾಕಾಯಿತು. ಜನರೇಟರ್ ಕೊಳ್ಳುವುದೆಂದು ಅಲ್ಲೇ ತೀರ್ಮಾನವಾಯಿತು. ಇಡುವುದೆಲ್ಲಿ ಎನ್ನುವಲ್ಲಿ ಮತ್ತೆ ಜಗಳ. ಗೇಟಿನ ಹತ್ತಿರ ಬೇಡ, ಕಾರಿನವರಿಗೆ ಜಾಗ ಹೋಗುತ್ತದೆ. ಎಡಗಡೆ ಬೇಡ, ನೇರ ಮೇಲೆ ಮಾಶಿಮಾರ ಕೋಣೆ. ಉಳಿದದ್ದು ಹಿಂದಿನ ಓಣಿ, ಅದರ ಮೇಲೆ ಮೊದಲ ಮಹಡಿಯಲ್ಲಿ ಕಲ್ಲಪ್ಪನ ಮಲಗುವ ಕೋಣೆಯ ಕಿಟಕಿ. ಅದನ್ನು ಬಾಯಿಬಿಟ್ಟು ಹೇಳಲು ಎಲ್ಲರಿಗೂ ಸಂಕೋಚ, ಆದರೆ ಎಲ್ಲರ ಕಣ್ಣೂ ಅತ್ತ ಕಡೆಗೇ. ಕಲ್ಲಪ್ಪನಿಗೆ ಸಭೆ ಮುಗಿದರೆ ಸಾಕಾಗಿತ್ತು.

“ನಮ್ಮ ಕಡೆ ಇಡಿ,” ಎಂದುಬಿಟ್ಟ. ಅಷ್ಟಕ್ಕೇ ನಿಲ್ಲಿಸಲಿಲ್ಲ. ವೃತ್ತಿಯ ಚಟ ಬಿಡಬೇಕಲ್ಲ, ಯಂತ್ರವನ್ನು ದಿನವೂ ಸಂಜೆ ಸ್ವಲ್ಪ ಹೊತ್ತು ಓಡಿಸಿ ನೋಡಲೇಬೇಕು, ಸುಮ್ಮನೆ ಬಿಟ್ಟ ಯಂತ್ರ ಬೇಕಾದಾಗ ಏಳುವುದಿಲ್ಲ ಎಂದು ತಿಳಿಸಿ ಹೇಳಿದ. ಮಿಹಿರ್ ಬಾಬು ಅವನ ಬೆನ್ನು ತಟ್ಟಿದರು. ಸಭೆಯಲ್ಲಿ ಮೊದಲ ಬಾರಿಗೆ ಯಾರೋ ಅವನನ್ನು ಹೊಗಳಿದರು, ಅದು ಅವನಿಗೆ ಹಿತವಾಗಿಯೂ ಇತ್ತು.

ವಿಶಾಲಾಕ್ಷಿಗೆ ಗೊತ್ತಾದದ್ದು ಸಣ್ಣ ಲಾರಿಯಿಂದ ಹಗ್ಗ ಕಟ್ಟಿ ಅದನ್ನು ಕಿಟಕಿಯ ಕೆಳಗೆ ಇಳಿಸುತ್ತಿದ್ದಾಗ.

“ಇಲ್ಲಿ ಇಡ್ರಿ ಅಂತ ಯಾರ ಹೇಳಿದ್ರು?”

“ನಾನ ಹೇಳೀನಿ.”

“ನನ್ನ ಒಂದ ಮಾತು ಕೇಳಬೇಕಾಗಿತ್ತಲ್ರಿ.”

“ಮಾಶಿಮಾ ಅದಾರಲ್ಲ ವಿಶಾಲಾ. ಅವರಿಗೆ ಮಷೀನ್ ನಿಂತ್ರ ಕಷ್ಟ.”

“ಅವರಿಗೆ ಬ್ಯಾಡ ಅಂದೆನೇನು ನಾನು?” ಎಂದಳು. ಹಳೆಯ ಟವೆಲ್ಲು ಒದ್ದೆ ಮಾಡಿ ಕಿಟಕಿಯ ಸಂದಿಗೆ ತುರುಕಿದಳು. ಅವಳು ಜಗಳವಾಡಿದ್ದರೆ ಕಲ್ಲಪ್ಪನಿಗೆ ಸಲೀಸಾಗುತ್ತಿತ್ತು.

ದಿನವೂ ಸಂಜೆ ಜನರೇಟರ್ ಗುಡುಗಿ, ಕರಿ ಹೊಗೆ ಕಾರಿ, ನಿಲ್ಲುತ್ತಿತ್ತು. ಟವೆಲ್ಲಿಗೆ ಹೊಗೆ ಹೆದರುತ್ತದೆಯೇ? ಕ್ರಿಸ್‌ಮಸ್ ಹೊತ್ತಿಗೆ ವಿಶಾಲಾಕ್ಷಿ ಎರಡು ದಿಂಬು ಸಾಲದೆ ಮೂರು ಇಟ್ಟುಕೊಂಡು ಒರಗಿ ಮಲಗತೊಡಗಿದಳು. ಜಾಗ ಬದಲಿಸಲು ಹೇಳಬೇಕೆಂದು ಕಲ್ಲಪ್ಪ ಎಷ್ಟೋ ಸಲ ಮೆಟ್ಟಿಲು ಹತ್ತಿದ, ಮಿಹಿರ್ ಬಾಬುವಿನ ಬಾಗಿಲ ಹೊರಗೆ ಮಾಶಿಮಾರ ಯಂತ್ರದ ಸದ್ದು ಕೇಳಿ ಹಾಗೇ ಇಳಿದು ಬಂದ. ಕರೆಂಟ್ ಮಾತ್ರ ಒಂದು ದಿನವೂ ಹೋಗಲಿಲ್ಲ. ಈಗ ಬಜಾರಿನಲ್ಲಿ ಹೊಸ ರಾಗ ಶುರುವಾಯಿತು: “ದಾದಾ, ಸುಮ್ಮನೆ ಹೆದರಿಸಿ ಜನರೇಟರ್ ಕೊಳ್ಳುವಂತೆ ಮಾಡಿದಿರಲ್ಲ?”

ಜನವರಿಯ ಮೊದಲ ವಾರ ಉತ್ತರದ ಗಾಳಿ ಬೀಸಿ ಊರು ಗಡಗಡ ನಡುಗಿತು. ಮನೆಮನೆಯಲ್ಲಿ ಗೀಸರು, ಹೀಟರು, ಕರೆಂಟಿನ ಒಲೆ. ಆ ಸಂಜೆ ಕಲ್ಲಪ್ಪ ಕೆಲಸದ ಮೇಲಿದ್ದಾಗ ದೂರದ ಒಂದು ಸ್ಥಾವರದ ಘಟಕ ನಿಂತುಹೋಯಿತು. ವಿದ್ಯುತ್ ಜಾಲದ ಆವರ್ತನ ತೋರಿಸುವ ಗೋಡೆಯ ಮೇಲಿನ ಅಂಕಿ ಇಳಿಯತೊಡಗಿತು. ಹೊರೆ ಇಳಿಸಿ ಎಂದು ಮೇಲಿನಿಂದ ಆದೇಶ ಬಂತು. ಇಳಿಸುವುದೆಂದರೆ ಒಂದೊಂದು ಪ್ರದೇಶವನ್ನು ಸರದಿಯ ಮೇಲೆ ಕತ್ತಲೆಗೆ ತಳ್ಳುವುದು.

ಪಕ್ಕದ ಕುರ್ಚಿಯ ಅರುಣ ಪರದೆ ನೋಡಿ ದನಿ ತಗ್ಗಿಸಿದ. “ದಾದಾ, ಮೊದಲ ಸರದಿ ಬೆಹಾಲಾ. ಭಾಭಿಗೆ ಹುಷಾರಿಲ್ಲ ಅಲ್ಲವಾ? ಅದನ್ನು ಬಿಟ್ಟು ಖಿದಿರ್‌ಪುರ ತೆಗೆಯೋಣ. ಯಾರು ಕೇಳುತ್ತಾರೆ?”

ಯಾರೂ ಕೇಳುತ್ತಿರಲಿಲ್ಲ. ಕಲ್ಲಪ್ಪನ ಎದೆ ಒಂದು ಸಲ ಆಸೆಯಿಂದ ಹಾರಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕರೆಂಟ್ ಹೋದರೆ ಜನರೇಟರ್ ಏಳುತ್ತದೆ, ಈ ಸಲ ಸ್ವಲ್ಪ ಹೊತ್ತಿಗಲ್ಲ, ಗಂಟೆಗಟ್ಟಲೆ. ಆದರೆ ಖಿದಿರ್‌ಪುರದಲ್ಲೂ ಯಾರದೋ ಹೆಂಡತಿ, ಯಾರದೋ ತಾಯಿ ಇರುತ್ತಾರೆ. ಸರದಿ ಒಮ್ಮೆ ಮುರಿದರೆ ನಾಳೆ ಅದನ್ನು ಮುರಿಯುವವರು ದೊಡ್ಡ ದೊಡ್ಡ ಮನೆಗಳವರು. “ಬೇಡ. ಎರಡು ನಿಮಿಷ ತಡಿ,” ಎಂದು ಹೊರಗೆದ್ದು ಹೋದ.

ಯಾವ ಪ್ರದೇಶದ ಸರದಿ ಎಂದು ಮುಂಚಿತವಾಗಿ ಹೊರಗೆ ಹೇಳುವಂತಿರಲಿಲ್ಲ. ಫೋನುಗಳನ್ನೇ ಹೊರಗಿನ ಪೆಟ್ಟಿಗೆಯಲ್ಲಿ ಇಟ್ಟು ಒಳಗೆ ಹೋಗಬೇಕು. ಇಷ್ಟು ವರ್ಷಗಳ ನೌಕರಿಯಲ್ಲಿ ಕಲ್ಲಪ್ಪ ಆ ನಿಯಮ ಒಮ್ಮೆಯೂ ಮುರಿದವನಲ್ಲ. ಅಂದು ಫೋನು ತೆಗೆದು ಮನೆಗೆ ಹಚ್ಚಿದ.

“ವಿಶಾಲಾ, ಕಿಡಕಿ ಗಟ್ಟಿಯಾಗಿ ಹಾಕು. ಮುಂದಿನ ಖೋಲ್ಯಾಗ ಹೋಗಿ ಕೂಡು, ಬಾಗಲಾ ಹಾಕ್ಕೋ. ಏನೂ ಕೇಳಬ್ಯಾಡ.”

“ಹೌದಾ,” ಎಂದಳು ಅವಳು. ಆಮೇಲೆ, “ಯಾವಾಗ?”

“ಈಗ.”

ಒಳಗೆ ಬಂದು ಆದೇಶ ಕೊಟ್ಟ. ಪರದೆಯ ಮೇಲೆ ಬೆಹಾಲಾದ ಗೆರೆಗಳು ಬಣ್ಣ ಕಳೆದುಕೊಂಡವು. ಆಮೇಲೆ ಖಿದಿರ್‌ಪುರ, ಆಮೇಲೆ ಇನ್ನೊಂದು. ರಾತ್ರಿಯ ಪಾಳಿಯವರು ಬರುವ ತನಕ ತಲೆ ಎತ್ತಲು ಪುರಸೊತ್ತಾಗಲಿಲ್ಲ. ಹೊರಗೆ ಬಂದು ಫೋನು ನೋಡಿದರೆ ಶ್ರಾವ್ಯಾ ಸಾಲುಸಾಲಾಗಿ ಕರೆ ಮಾಡಿದ್ದಳು. ತಿರುಗಿ ಮಾಡಿದಾಗ, “ಅಪ್ಪಾ, ಅಮ್ಮಾ ಈಸ್ ಓಕೇ ನೌ. ನೀ ಲಗೂನ ಬಾ. ಮಾಶಿಮಾ ಮನ್ಯಾಗ ಅದೀವಿ,” ಎಂದಳು. ಅವಳು ಅತ್ತಿದ್ದಳು ಎಂದು ದನಿಯಲ್ಲೇ ಗೊತ್ತಾಯಿತು.

ಕಲ್ಲಪ್ಪ ಬೆಹಾಲಾ ತಲುಪುವ ಹೊತ್ತಿಗೆ ಕರೆಂಟ್ ಬಂದಿತ್ತು. ನಾಲ್ಕನೇ ಮಹಡಿಗೆ ಹೇಗೆ ಹತ್ತಿದನೋ ಅವನಿಗೇ ತಿಳಿಯಲಿಲ್ಲ.

ನಡೆದದ್ದು ಇಷ್ಟು. ವಿಶಾಲಾಕ್ಷಿ ಕಿಟಕಿ ಹಾಕಿದಳು, ಮುಂದಿನ ಕೋಣೆಗೂ ಬಂದಳು, ಆದರೆ ಅಲ್ಲಿ ಕೂಡಲಿಲ್ಲ. ಮಗಳನ್ನು ಅಕ್ಕಪಕ್ಕದ ಮನೆಗಳಿಗೆ ಓಡಿಸಿ, ತಾನು ಮಾಶಿಮಾಗೆ ಹೇಳಲು ಹೊರಟಳು. ಕರೆಂಟ್ ಹೋಗುವುದು ಗೊತ್ತಿದ್ದವಳು ಲಿಫ್ಟಿಗೆ ಹತ್ತುತ್ತಾಳೆಯೇ? ಮೆಟ್ಟಿಲು ಹಿಡಿದಳು. ಮೂರನೇ ಮಹಡಿಯಲ್ಲಿ ಇದ್ದಾಗ ದೀಪ ಆರಿತು. ಕೆಳಗೆ ಜನರೇಟರ್ ಒಂದೇ ಎಳೆತಕ್ಕೆ ಎದ್ದಿತು, ದಿನವೂ ಓಡಿಸಿ ನೋಡಿದ ಯಂತ್ರವಲ್ಲವೇ. ಹಿಂದಿನ ಓಣಿಯ ಹೊಗೆ ಮೆಟ್ಟಿಲಿನ ಜಾಲರಿಯೊಳಗಿಂದ ನುಗ್ಗಿತು. ಆದರೂ ಅವಳು ಉಳಿದ ಮೆಟ್ಟಿಲು ಹತ್ತಿ, ಮಿಹಿರ್ ಬಾಬುವಿನ ಬಾಗಿಲು ಬಡಿದು, ಮಾತು ಹೊರಡದೆ ಹೊಸ್ತಿಲ ಮೇಲೆ ಕುಸಿದಳು.

ಮಾಶಿಮಾರ ಯಂತ್ರ ಜನರೇಟರಿನ ಮೇಲೆ ನಡೆಯುತ್ತಿತ್ತು. ಆಪತ್ತಿಗೆಂದು ಇಟ್ಟಿದ್ದ ಸಿಲಿಂಡರು ಮೂಲೆಯಲ್ಲಿತ್ತು. “ಅವಳಿಗೆ ಹಾಕೋ, ನನ್ನನ್ನೇನು ನೋಡುತ್ತೀಯ!” ಎಂದು ಮುದುಕಿ ಮಗನನ್ನು ಗದರಿದರಂತೆ. ಶ್ರಾವ್ಯಾ ಓಡಿಬಂದು ಔಷಧಿಯ ಪಂಪು ಎಳೆಸಿದಳು. ಮಿಹಿರ್ ಬಾಬು ಸಿಲಿಂಡರಿನ ಮುಖವಾಡವನ್ನು ವಿಶಾಲಾಕ್ಷಿಯ ಮೂಗಿಗೆ ಹಿಡಿದು ಕೂತರು. ಕರೆಸಿದ ಡಾಕ್ಟರು ಬಂದು ಸೂಜಿ ಚುಚ್ಚಿ ಹೋಗಿದ್ದರು.

ಕಲ್ಲಪ್ಪ ಒಳಗೆ ಬಂದಾಗ ಮಿಹಿರ್ ಬಾಬು ಇನ್ನೂ ಹಾಗೇ ಕೂತಿದ್ದರು. ಎದ್ದು ಜಾಗ ಬಿಟ್ಟು, ಬಂದರಿನ ಆ ಗಂಟಲಿನಿಂದ ಬರಬಹುದಾದಷ್ಟು ಮೆಲ್ಲಗೆ, “ದಾದಾ, ಬೌದಿಗೆ, ನಮ್ಮ ಅತ್ತಿಗೆಗೆ, ಹೀಗಿದೆ ಎಂದು ಆ ದಿನ ಸಭೆಯಲ್ಲಿ ಯಾಕೆ ಹೇಳಲಿಲ್ಲ?” ಎಂದರು. ಕಲ್ಲಪ್ಪ ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ. ನಾಳೆಯೇ ಯಂತ್ರವನ್ನು ಗೇಟಿಗೆ ಒಯ್ಯುತ್ತೇವೆ, ಕಾರಿನವರು ಏನಾದರೂ ಮಾಡಿಕೊಳ್ಳಲಿ ಎಂದು ಹೇಳಿ ಅವರು ಚಹಾ ಮಾಡಿಸಲು ಒಳಗೆ ಹೋದರು.

ಕಲ್ಲಪ್ಪ ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಅವಳ ತುಟಿಗೆ ಬಣ್ಣ ಮರಳಿತ್ತು. ಅವಳ ಕೈ ಹಿಡಿದುಕೊಂಡ, ಅದು ತಣ್ಣಗಿತ್ತು.

“ನಿನಗ ಅಷ್ಟ ಹೇಳಿದ್ದೆ, ಕೂಡು ಅಂತ. ಯಾಕ ಹತ್ತೀದಿ ವಿಶಾಲಾ?”

ವಿಶಾಲಾಕ್ಷಿ ಮುಖವಾಡ ಸರಿಸಿದಳು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದುಕೊಂಡು ಹೇಳಿದಳು.

“ಗೊತ್ತಿದ್ದೂ ಸುಮ್ಮನ ಕೂಡೂದು ನನಗ ಬರೂದಿಲ್ರಿ. ನಿಮಗ ಬರತೈತಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಅವನಿಗೆ ಉಪ್ಪು ಜಾಸ್ತಿ ಬೇಕು, ತನಗೆ ಕಡಿಮೆ ಸಾಕು ಎನ್ನುವಾಗಿನ ದನಿಯೇ ಅದು. ಹೇಳಿ, ಮುಖವಾಡ ಮತ್ತೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಮಂಚದ ಮೇಲಿನ ಮಾಶಿಮಾ ಭಾಷೆ ತಿಳಿಯದೆ ಕಲ್ಲಪ್ಪನನ್ನೇ ನೋಡುತ್ತಿದ್ದರು. ಒಳಗಿನಿಂದ ಮಿಹಿರ್ ಬಾಬು, ನಾಳೆಯೂ ಹೋಗುತ್ತದೆಯೇ ದಾದಾ ಎಂದು ಕೇಳಿದರು.

“ಹೋಗುತ್ತದೆ,” ಎಂದ ಕಲ್ಲಪ್ಪ. “ನಾಳೆಯೂ, ನಾಡಿದ್ದೂ. ಸೆಪ್ಟೆಂಬರಿನಿಂದಲೂ ನನಗೆ ಗೊತ್ತಿತ್ತು.”