ಗೇಟಿನಲ್ಲಿ ತೋಮಿ ಹೇಳಿದ್ದು

ಯುದ್ಧ ಮುಗಿದ ಮೇಲೆ ಅಮೆರಿಕದವರು ಒಕಿನಾವಾ ದ್ವೀಪದಲ್ಲಿ ತಮ್ಮ ಸೇನಾನೆಲೆಗೆ ಬೇಲಿ ಹಾಕಿದಾಗ ನಮ್ಮೂರಿನ ಗೆಣಸಿನ ಹೊಲಗಳೊಂದಿಗೆ ಹಿರಿಯರ ಗೋರಿಗಳೂ ಒಳಗೆ ಸೇರಿದವು. ವರ್ಷಕ್ಕೊಮ್ಮೆ, ವಸಂತದ ಶೀಮಿ ಹಬ್ಬದಂದು, ನಮ್ಮನ್ನು ಒಳಗೆ ಬಿಡುತ್ತಾರೆ. ಬೇಯಿಸಿದ ಹಂದಿಮಾಂಸ, ಅಕ್ಕಿಯ ಸಾರಾಯಿ ಹೊತ್ತೊಯ್ದು, ಗೋರಿಯ ಮುಂದೆ ಕುಳಿತು ಸತ್ತವರೊಡನೆ ಉಣ್ಣುತ್ತೇವೆ.

ಆ ವರ್ಷ ಗೇಟಿನಲ್ಲಿ ಹೊಸ ಸಿಪಾಯಿಯಿದ್ದ. ನಮ್ಮ ಮಾತು ಅವನಿಗೆ ತಿಳಿಯದು, ಅವನದು ನಮಗೆ. ಊರಿನಲ್ಲಿ ಇಂಗ್ಲಿಷ್ ಬಲ್ಲವಳು ತೋಮಿಯೊಬ್ಬಳೇ. ಸಿಪಾಯಿಗಳ ಬಾರಿನಲ್ಲಿ ಗ್ಲಾಸು ತೊಳೆಯುತ್ತ ಕಲಿತಿದ್ದಳು. ಕುಲದ ಹಿರಿಯ ಕಮೆಸುಕೆ ಅವಳ ದೊಡ್ಡಪ್ಪ. ಆ ಭಾಷೆಯನ್ನು ಹೆಂಗಸರು ಮಂಚದ ಮೇಲೆ ಕಲಿಯುತ್ತಾರೆಂದು ಆಡಿಕೊಂಡವನೂ, ಅವಳ ತಾಯಿ ಸತ್ತಾಗ ತೋಮಿಯನ್ನು ಗೋರಿಯ ಬಳಿ ಸೇರಿಸದವನೂ ಅವನೇ. ಈಗ ಅವನೇ ಅವಳಿಗೆ ಹೇಳಿಕಳುಹಿಸಿದ.

ತೋಮಿ ಬಂದಳು. ಕೈಯಲ್ಲಿ ತಾಯಿಗೆ ಇಷ್ಟವಾದ ಕಡಲಪಾಚಿಯ ಅಡುಗೆಯ ಡಬ್ಬಿಯಿತ್ತು.

"ಅಮ್ಮನ ಮುಂದೆ ಒಂದು ಊದುಬತ್ತಿ ಹಚ್ಬೇಕು, ದೊಡ್ಡಪ್ಪ. ಅಷ್ಟೇ."

"ಮೊದ್ಲು ಗೇಟು ತೆಗ್ಸು."

ಅವಳು ಮಾತನಾಡಿದಳು. ಸಿಪಾಯಿ ಅಡ್ಡಗಂಬ ಎತ್ತಿದ. ಎತ್ತಿ, ಅವಳನ್ನೇ ನೋಡುತ್ತ ಏನೋ ಕೇಳಿದ. ತೋಮಿ ನಮ್ಮತ್ತ ತಿರುಗಿದಳು.

"ಮನೆಯವರನ್ನ ಮಾತ್ರ ಬಿಡ್ತಾನಂತೆ. ನಾನೂ ನಿಮ್ಮ ಮನೆಯವಳಾ ಅಂತ ಕೇಳ್ತಿದಾನೆ. ಏನು ಹೇಳ್ಲಿ?"

ಕಮೆಸುಕೆ ಬೆನ್ನ ಹಿಂದಿದ್ದ ಮುಖಗಳನ್ನು ಒಮ್ಮೆ ನೋಡಿದ.

"ಮಾತಾಡೋಕೆ ಕರ್ಸಿದ್ವಿ ಅನ್ನು."

ಅವಳು ಸಿಪಾಯಿಗೆ ಏನು ಹೇಳಿದ್ದರೂ ನಡೆಯುತ್ತಿತ್ತು. ಸುಳ್ಳೋ ನಿಜವೋ ಎಂದು ಅರಿಯುವವರು ನಮ್ಮಲ್ಲಿ ಯಾರೂ ಇರಲಿಲ್ಲ. ತೋಮಿ ಅವನತ್ತ ತಿರುಗಿ ಚಿಕ್ಕದೊಂದು ಮಾತು ಹೇಳಿದಳು. ಅವನು ತಲೆಯಾಡಿಸಿ, ತೋಳನ್ನು ಅವಳ ಮುಂದೆ ಅಡ್ಡ ಹಿಡಿದು, ನಮ್ಮನ್ನು ಒಳಗೆ ಬಿಟ್ಟ. ಕಮೆಸುಕೆಯ ಹೆಂಡತಿ ಡಬ್ಬಿಗಾಗಿ ಕೈ ಚಾಚಿದಳು. ತೋಮಿ ಕೊಡಲಿಲ್ಲ.

ಗೋರಿಯ ಮುಂದೆ ಚಾಪೆ ಹಾಸಿದೆವು. ಇನ್ನು ಮುಂದೆ ಇಂಥವರ ಹಂಗು ಬೇಡವೆಂದು, ಮೊಮ್ಮಗನನ್ನು ಪೇಟೆಯ ಇಂಗ್ಲಿಷ್ ಶಾಲೆಗೆ ಸೇರಿಸುವುದಾಗಿ ಕಮೆಸುಕೆ ಸಾರಾಯಿ ಬಗ್ಗಿಸುತ್ತ ತಿಳಿಸಿದ. ಎಲ್ಲರೂ ಒಪ್ಪಿದರು. ಮೊಮ್ಮಗಳನ್ನೂ ಕಳುಹಿಸಬಾರದೇ ಎಂದು ಸೊಸೆ ಕೇಳಿದಳು.

"ಹೆಣ್ಣಿಗ್ಯಾಕಮ್ಮ?" ಎಂದ ಕಮೆಸುಕೆ. "ಗೇಟಲ್ಲಿ ನಿಲ್ಲೋಕಾ?"

ಗಂಡಸರು ನಕ್ಕರು. ಸೊಸೆ ತಲೆ ತಗ್ಗಿಸಿ ಮಾಂಸ ಬಡಿಸತೊಡಗಿದಳು.