ಇಪ್ಪತ್ತಕ್ಕೆ ಹದಿನೈದು, ನೂರಕ್ಕೆ?

ಸೀರೆ ಅಂಗಡಿಯ ಬ್ಯಾನರು ಬಸ್ಸಿನ ಕಿಟಕಿಯಾಚೆ ಹಿಂದೆ ಸರಿಯಿತು, ಮೂವತ್ತು ಪರ್ಸೆಂಟ್ ರಿಯಾಯಿತಿ, ಇಡೀ ಲಿಂಗಸುಗೂರಿನಲ್ಲಿ ನನ್ನ ಕಣ್ಣಿಗೆ ಅದೇ ಬೀಳಬೇಕೆ, ಪರ್ಸೆಂಟ್ ಅಂತ ಎಲ್ಲಿ ಕಂಡರೂ ಮುಖ ತಿರುಗಿಸುತ್ತೇನೆ, ಕೌಸರ್, ನೀನು ಕನ್ನಡ ಟೀಚರು, ಗಣಿತದ ಉಸಾಬರಿ ನಿನಗೆ ಯಾಕೆ ಬೇಕಿತ್ತು — ಬೇಕಿರಲಿಲ್ಲ, ಗಣಿತದ ಗುರುಬಸವ ಸರ್ ಗಣತಿ ಕೆಲಸಕ್ಕೆ ಹೋದರು, ಐದನೇ ಕ್ಲಾಸಿನ ಗಣಿತ ನನ್ನ ತಲೆಗೆ ಬಂತು, ಲಿಂಗಸುಗೂರಿನಾಗ ಒಂದ್ ದಿನದ ತರಬೇತಿ ಐತಿ, ಹೋಗಿ ಬರ್ರಿ ಅಂದರು ಹೆಡ್ ಮೇಡಂ, ಹೋದೆ, ಎರಡು ಸಾಲಿನ ಅನುಪಾತ ಪಟ್ಟಿ, ಶೇಕಡಾ ಲೆಕ್ಕಕ್ಕೆ ಇದರಷ್ಟು ಸಲೀಸು ದಾರಿ ಇಲ್ಲವಂತೆ, ಮ್ಯಾಲಿನ ಸಾಲಿಗೆ ಏನ್ ಮಾಡ್ತೀರೋ ಕೆಳಗಿನ ಸಾಲಿಗೂ ಅದನ್ನ ಮಾಡ್ರಿ, ಅಷ್ಟು ಬರೆದುಕೊಂಡೆ, ಮಸ್ಕಿ ಬಸ್ಸು ತಪ್ಪುತ್ತದೆಂದು ಎದ್ದು ಬಂದೆ, ಗುಣಿಸಬೇಕು ಇಲ್ಲವೇ ಭಾಗಿಸಬೇಕು, ಕೂಡಿಸಬಾರದು ಎಂಬ ಮಾತು ನಾನು ಎದ್ದ ಮೇಲೆ ಬಂದಿರಬೇಕು, ಕೇಳಲೇ ಇಲ್ಲ.

ಮರುದಿನ ಕ್ಲಾಸಿನ ಬೋರ್ಡಿನ ಮೇಲೆ, ಇಪ್ಪತ್ತು ಬೀಜದಲ್ಲಿ ಹದಿನೈದು ಮೊಳೆತರೆ ಶೇಕಡಾ ಎಷ್ಟು, ಮೇಲೆ ಇಪ್ಪತ್ತು, ಎಂಬತ್ತು ಕೂಡಿಸಿದರೆ ನೂರು, ಕೆಳಗೆ ಹದಿನೈದು, ಅದಕ್ಕೂ ಎಂಬತ್ತು, ತೊಂಬತ್ತೈದು, ಕೈಯ ಸೀಮೆಸುಣ್ಣ ಕೊಡವಿ ಹೆಮ್ಮೆಯಿಂದ ತಿರುಗುತ್ತೇನೆ, ಆದೆಮ್ಮ ಎದ್ದು ನಿಂತಿದ್ದಾಳೆ, ಟೀಚರ್ರೀ, ಬಿತ್ತೂಕಿಂತ ಮೊದಲ ನಮ್ಮಪ್ಪ ತೊಗರಿ ಬೀಜ ಹಸಿ ಗೋಣಿಯಾಗ ಕಟ್ಟಿ ನೋಡ್ತಾನ್ರೀ, ಇಪ್ಪತ್ತರ ಗಂಟು ಐದು ಕಟ್ಟಿದ್ರ ನೂರು, ಒಂದೊಂದರಾಗ ಐದು ಸತ್ರ ಇಪ್ಪತ್ತೈದು ಸಾಯ್ತಾವಲ್ರೀ, ಎಪ್ಪತ್ತೈದ ಉಳಿತಾವು. ಎಷ್ಟು ಸರಿಯಾಗಿ ಹೇಳಿದ್ದಳು. ನನಗೆ ಅನುಮಾನ ಬಂತು, ಹೌದು, ಬಂದಿತ್ತು, ಸುಳ್ಳು ಯಾಕೆ, ಆದರೆ ಮಕ್ಕಳ ಮುಂದೆ ಸೋಲುವುದು ಹೇಗೆ, ಭಾಳ ಶಾಣ್ಯಾ ಆಗೀದಿ, ನೀನ ಬಂದು ಕಲಿಸು ಅಂದುಬಿಟ್ಟೆ, ಎಲ್ಲ ನಕ್ಕರು, ಅವಳು ಕೂತಳು, ಅವತ್ತಿನಿಂದ ನನ್ನಂತೆಯೇ ಕೂಡಿಸತೊಡಗಿದಳು.

ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಅಂಥದೇ ಲೆಕ್ಕ, ಒಂದೇ ಅಂಕಕ್ಕೆ ಆದೆಮ್ಮನ ಸೀಟು ಹೋಯಿತು, ಊಟ, ಪುಸ್ತಕ, ಹನ್ನೆರಡನೇ ಕ್ಲಾಸಿನವರೆಗೆ ಓದು, ಎಲ್ಲ ಹೋಯಿತು, ನಿನ್ನೆ ಆಯ್ಕೆ ಪಟ್ಟಿ ನೋಡಲು ಬಂದ ಗುರುಬಸವ ಸರ್ ಅವಳ ಪ್ರಶ್ನೆಪತ್ರಿಕೆ ತಿರುವಿ, ಅಂಚಿನಲ್ಲಿ ಅವಳು ಮಾಡಿದ ಲೆಕ್ಕ ನೋಡಿ, ಕೂಡಿಸ್ಯಾಳಲ್ರೀ, ಇದನ್ನ ಯಾರ್ ಕಲಿಸ್ಯಾರ ಇಕಿಗೆ, ಅಂದರು, ನಾನು ಚಹಾದ ಲೋಟದೊಳಗೆ ನೋಡುತ್ತ, ಮಕ್ಕಳು ಏನೇನೋ ಬರೀತಾವ್ರೀ ಸರ್, ಅಂದೆ, ಅಂದೆನಲ್ಲ, ಎಂಥ ನಾಲಿಗೆ ನನ್ನದು, ತಪ್ಪು ಕಲಿಸಿದ್ದಕ್ಕಿಂತ ಇದು ದೊಡ್ಡ ಪಾಪ.  ಇವತ್ತು ಆ ತರಬೇತಿಯ ಮೇಷ್ಟ್ರನ್ನೇ ಹುಡುಕಿಕೊಂಡು ಲಿಂಗಸುಗೂರಿಗೆ ಬಂದೆ, ಅವರು ಪೂರ್ತಿ ಹೇಳಿದರು, ಎರಡೇ ನಿಮಿಷ ಹಿಡಿಯಿತು. ಹೇಳಿಬಿಡುತ್ತೇನೆ ಆದೆಮ್ಮನಿಗೆ, ನಿಂದ ಖರೇ ಇತ್ತವ್ವ, ತಪ್ಪು ನಂದು, ಸೀಟು ವಾಪಸು ಬರುವುದಿಲ್ಲ, ಗೊತ್ತು, ಅವಳ ತಲೆಯಾದರೂ ಅವಳಿಗೆ ವಾಪಸು ಬರಲಿ.

ಮಸ್ಕಿ, ಮಸ್ಕಿ, ಕಂಡಕ್ಟರ್ ಕೂಗುತ್ತಾನೆ, ಇಳಿದೆ, ಬಿಸಿಲು, ಓಣಿ, ಅವರ ಮನೆಯ ಕದ ಅರ್ಧ ತೆರೆದಿದೆ, ಒಳಗೆ ಆದೆಮ್ಮ ತನ್ನ ತಂಗಿ ಅಂಬಿಕಾಳನ್ನು ಎದುರಿಗೆ ಕೂರಿಸಿಕೊಂಡಿದ್ದಾಳೆ, ನಡುವೆ ಪಾಟಿ, ಪಾಟಿಯ ಮೇಲೆ ಎರಡು ಸಾಲು, ಇಪ್ಪತ್ತು, ನೂರು, ಹದಿನೈದು, ಚಿಕ್ಕದು ಕಣ್ಣು ಮುಚ್ಚಿ ಮಗ್ಗಿ ಹೇಳುತ್ತದೆ, ಹದಿನೈದು ಐದಲೆ ಎಪ್ಪತ್ತೈದು, ಬರೆಯುತ್ತದೆ, ಹಾಂಗಲ್ಲಬೇ, ಎಂಬತ್ತು ಕೂಡಿಸು, ಅನ್ನುತ್ತಾಳೆ ಆದೆಮ್ಮ, ಯಾಕಕ್ಕ, ನಂದ ಸರಿ ಐತಲ್ಲ, ಅನ್ನುತ್ತದೆ ಚಿಕ್ಕದು, ನನಗೂ ಹಾಂಗ ಅನ್ನಿಸ್ತಿತ್ತು, ಕೌಸರ್ ಟೀಚರ್ ಹೇಳ್ಯಾರ, ಅವರು ತಪ್ಪು ಹೇಳ್ತಾರೇನು. ಕದಕ್ಕೆ ಕೈ ಹಾಕಿದ್ದೇನೆ, ಆದೆಮ್ಮ ಅಂಗೈಗೆ ಎಂಜಲು ಹಚ್ಚಿಕೊಂಡು ಪಾಟಿ ಉಜ್ಜುತ್ತಿದ್ದಾಳೆ, ಏಳು ಹೋಯಿತು, ಐದು ಅರ್ಧ ಉಳಿದಿದೆ, ಆ ಅಂಗೈ, ಉಜ್ಜುತ್ತಿದೆ, ಆ ಅಂಗೈ —